ರೇವಮ್ಮ ಮಲ್ಲನ ಮೇಲೆ ಕೊಡಲಿ ಎತ್ತಿದ ದಿನ

ಮೊಸಳೆ ಎಂಬ ಹಳ್ಳಿಯ ರೇವಮ್ಮನ ಕೈ ಎಂದರೆ ಊರಿಗೇ ಭಯ. ಗಂಡ ಸತ್ತ ವರ್ಷ ಮೈದುನ ಅವಳ ಬೀಜದ ಹೋರಿಯನ್ನು ಕದ್ದು ಸಂತೆಗೆ ಹೊಡೆದುಕೊಂಡು ಹೊರಟಿದ್ದ. ದಾರಿಗೆ ಅಡ್ಡ ನಿಂತು ಒನಕೆಯಿಂದ ಅವನ ಮೊಣಕಾಲು ಮುರಿದಳು. ಆಮೇಲೆ ತಾನೇ ಎಣ್ಣೆ ಕಾಯಿಸಿ ತಿಕ್ಕುತ್ತ, "ಕಾಲು ಸರಿಯಾಯ್ತದೆ, ನಿನ್ನ ಬುದ್ಧಿ ಸರಿಯಾಗಾದು ಕಷ್ಟ ಕಣ್ಲಾ" ಅಂದಳಂತೆ.

ಮಕ್ಕಳಿಲ್ಲದ ಅವಳಿಗೆ ಆ ಹೋರಿ ಮಲ್ಲ ಮಗನೂ ಹೌದು, ಅನ್ನವೂ ಹೌದು. ಗಬ್ಬ ಕಟ್ಟಿಸಲು ಹಸು ಹೊಡೆದುಕೊಂಡು ಬಂದವರು ಕೊಡುವ ರಾಗಿಯಲ್ಲೇ ಅವಳ ವರ್ಷ ಕಳೆಯಬೇಕು. ಮನುಷ್ಯರ ತಂಟೆಗೆ ಹೋಗದ ಮಲ್ಲ, ಬೇರೆ ಎತ್ತು ಕಂಡರೆ ಮಾತ್ರ ಸೈರಿಸುತ್ತಿರಲಿಲ್ಲ. ಅದಕ್ಕೇ ಅವನು ಮೇಯುವ ಹೊಲದ ಸುತ್ತ ಕತ್ತಾಳೆ ಬೇಲಿ. ಜನ ಓಡಾಡುವ ಸಂದಿಗಳಿಗೆ ಅಡ್ಡಲಾಗಿ ಬಿದಿರು ಗಳ. ಊರವರು ಗಳ ಸರಿಸಿ ದಾಟಿದರೆ, ಮತ್ತೆ ಹಾಕದೆ ಮುಂದೆ ಹೋಗುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರ ಮುಂಗಾರು. ಹೊಳೆನರಸೀಪುರದ ಮೇಷ್ಟ್ರು ಚಲುವನಾರಾಯಣ, ಹೆಂಡತಿ ಸರಸಳೊಂದಿಗೆ ಆ ಹೊಲದಾಚೆಯ ಜೋಡಿ ಗುಡಿ ನೋಡಲು ಬಂದರು. ರೇವಮ್ಮ ಸೌದೆ ಸೀಳುತ್ತಿದ್ದಳು.

"ಒಲದಾಗೇ ಓಗಿ, ಮೇಷ್ಟ್ರೇ. ಗಳ ತಗುದ್ರೆ ತಿರುಗ ಆಕ್ಬುಡಿ."

"ಆಗಲಮ್ಮ."

ಆಚೆ ಸಂದಿ ದಾಟಿದ ಮೇಲೆ ಸರಸ ಹಿಂತಿರುಗಿ ನೋಡಿದಳು. "ಗಳ ಹಾಕಲಿಲ್ಲ ನೀವು."

"ಹೇಗೂ ಇದೇ ದಾರೀಲಿ ವಾಪಸ್ ಬರ್ತೀವಲ್ಲೇ."

ಪಕ್ಕದ ಹೊಲದಲ್ಲಿ ಪಂಚಾಕ್ಷರಯ್ಯ ಉಳುತ್ತಿದ್ದ. ಸಂದಿಯಿಂದ ನುಗ್ಗಿದ ಮಲ್ಲ ಎಡಗಡೆಯ ಎತ್ತಿನ ಹೊಟ್ಟೆಗೆ ಕೊಂಬು ಇಳಿಸಿದ. ನೊಗಕ್ಕೆ ಕಟ್ಟಿದ ಪ್ರಾಣಿ ಓಡುವುದೆಲ್ಲಿಗೆ? ಕರುಳು ಉಳುಮೆಯ ಸಾಲಿಗೆ ಚೆಲ್ಲಿತು. ಬಿಚ್ಚಲು ಹೋದ ಪಂಚಾಕ್ಷರಯ್ಯ ಉರುಳಿದ ನೊಗದ ಕೆಳಗೆ ಸಿಕ್ಕಿಕೊಂಡ. ಅವನ ತೋಳಿನ ಮೂಳೆ ಚರ್ಮ ಸೀಳಿ ಹೊರಬಂತು. ಮಲ್ಲ ಮತ್ತೆ ತಲೆ ತಗ್ಗಿಸಿದ.

ಕೂಗು ಕೇಳಿ ರೇವಮ್ಮ ಕೈಲಿದ್ದ ಕೊಡಲಿಯೊಂದಿಗೇ ಓಡಿಬಂದಳು. "ಮಲ್ಲಾ, ಬಾರೋ ನನ್ನಪ್ಪ" ಎಂದು ಕರೆದಳು. ಕಣ್ಣಿಗೆ ರಕ್ತ ಇಳಿದಿದ್ದ ಮಲ್ಲನಿಗೆ ಆ ದನಿಯೂ ಕೇಳಿಸಲಿಲ್ಲ. ಕೊಂಬು ಪಂಚಾಕ್ಷರಯ್ಯನ ಎದೆಯ ಹತ್ತಿರ ಬಂತು. ಬಸವಣ್ಣ ಎಂದು ದಿನಾ ಕೈಮುಗಿಯುತ್ತಿದ್ದ ಹಣೆಗೇ ಅವಳು ಕೊಡಲಿಯ ಹಿಂಬದಿಯಿಂದ ಬೀಸಿದಳು. ಮಲ್ಲ ಮುಗ್ಗರಿಸಿ ಮತ್ತೆ ಎದ್ದ. ಈ ಸಲ ಕೊಡಲಿಯ ಬಾಯಿ ತಿರುಗಿಸಿ ಕುತ್ತಿಗೆಗೆ ಇಳಿಸಿದಳು.

ಜನ ಸೇರಿದರು. "ಗಳ ತಗುದೋನು ಯಾವನ್ಲಾ?"

ಮೇಷ್ಟ್ರು ಅಷ್ಟರಲ್ಲಿ ಓಡಿಬಂದಿದ್ದರು. "ನಾನೇ" ಎಂದರು.

ಒಬ್ಬ ಅವರ ಕೋಟಿಗೆ ಕೈಹಾಕಿ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಸುರಿಯಿತು. ಇನ್ನೊಬ್ಬ ಬಾರುಕೋಲು ಎತ್ತಿದ.

"ಬುಡ್ಲಾ," ಎಂದಳು ರೇವಮ್ಮ. "ಪಂಚಾಕ್ಸರಯ್ಯನ್ನ ಗಾಡಿಗೆ ಆಕ್ಕೊಂಡು ಆಸ್ಪತ್ರೆಗೆ ಓಗಿ, ಮದ್ಲು."

ಗಾಡಿ ಹೋದ ಮೇಲೆ ಮೇಷ್ಟ್ರ ಮುಂದೆ ಗುದ್ದಲಿ ಎಸೆದಳು. ಅವರು ಕೋಟು ಬಿಚ್ಚಿಟ್ಟು ಅಗೆದರು. ಸರಸ ಮಣ್ಣು ಹೊತ್ತಳು. ಮೇಷ್ಟ್ರ ಅಂಗೈ ಒಡೆದು ಗುದ್ದಲಿಯ ಕಾವು ಕೆಂಪಾಯಿತು. ಗುಂಡಿ ಎದೆಮಟ್ಟ ಆದಾಗ ಮೇಷ್ಟ್ರು ತಲೆ ಎತ್ತಿ ನೋಡಿದರು.

ಮಲ್ಲನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ರೇವಮ್ಮ ನೊಣ ಓಡಿಸುತ್ತಿದ್ದಳು.

"ಇನ್ನೊಂದು ಮೊಳ ತೋಡಿ, ಸಾಮಿ. ಇಷ್ಟಕ್ಕೇ ಬುಟ್ರೆ ನರಿ ಕಿತ್ತಾವು."