ಮೂಲ ಪ್ರತಿಯನ್ನೇ ಲಗತ್ತಿಸಬೇಕು

ಮೊನ್ನೆ ನಮ್ಮ ದೇವದುರ್ಗದ ಕಾಲೇಜಿನಲ್ಲಿ ನನ್ನ ಮೇಜಿನ ಮೇಲೆ ಒಂದು ಅರ್ಜಿ ಬಂದಿತ್ತು. ಎರಡನೇ ವರ್ಷದ ಹುಡುಗಿಯದು. ಅಸೈನ್‌ಮೆಂಟ್ ಕೊಡಲು ಇನ್ನೂ ಹದಿನೈದು ದಿನ ಕೇಳಿದ್ದಳು. ಕಾರಣ, ತಂದೆ ತೀರಿಕೊಂಡರು. ಅದರ ಕೆಳಗೆ ಗೋಂದು ಹಚ್ಚಿ ಒಂದು ಫೋಟೋ ಅಂಟಿಸಿದ್ದಳು. ಗೋಂದು ಪೂರ್ತಿ ಒಣಗಿರಲಿಲ್ಲ, ಅದರ ಹುಳಿ ವಾಸನೆ ಮೂಗಿಗೆ ಬಡಿಯಿತು. ಫೋಟೋದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ ಹೆಣ. ಹಣೆಗೆ ವಿಭೂತಿ, ಮೂಗಿನಲ್ಲಿ ಅರಳೆ, ಗದ್ದ ಜಾರದಂತೆ ತಲೆ ಸುತ್ತ ಕಟ್ಟಿದ ಬಿಳಿ ಬಟ್ಟೆ. ಪಕ್ಕದಲ್ಲಿ ಆ ಹುಡುಗಿಯೇ ಕೂತಿದ್ದಳು, ತನ್ನ ಮುಖ ಸರಿಯಾಗಿ ಕಾಣಲೆಂದು ಕ್ಯಾಮೆರಾದ ಕಡೆಗೆ ತಿರುಗಿ.

ನಾನು ಅದನ್ನು ಕೇಳಿರಲಿಲ್ಲ. ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಸೀನಿಯರುಗಳು ಹೇಳಿಕೊಟ್ಟಿರುತ್ತಾರೆ, ಬರೀ ಬರೆದುಕೊಟ್ಟರೆ ನಂಬುವುದಿಲ್ಲ, ಫೋಟೋ ಹಚ್ಚು ಅಂತ. ನನಗೆ ಹೇಸಿಗೆಯಾಯಿತು. ಅವಳ ಮೇಲಲ್ಲ. ಅಪ್ಪನ ಹೆಣದ ಪಕ್ಕ ಕೂತು ಇಂಟರ್ನಲ್ ಅಂಕಕ್ಕಾಗಿ ಮುಖ ತಿರುಗಿಸುವುದನ್ನು ಅವಳಿಗೆ ಕಲಿಸಿದ ನಮ್ಮ ಮೇಲೆ. ಸಹಿ ಹಾಕಿ, ಹೋಗಿ ಕೈ ತೊಳೆದುಕೊಂಡೆ. ತೊಳೆಯುತ್ತ ನಿಂತಾಗ ಅಕ್ಕ ನೆನಪಾದಳು...

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ರಾಯಚೂರಿನಲ್ಲಿ ನಾನು ಕನ್ನಡ ಎಂ.ಎ. ಓದುವಾಗ ಜತೆಗೆ ಓದುತ್ತಿದ್ದವಳು. ನಮ್ಮೆಲ್ಲರಿಗಿಂತ ಆರೇಳು ವರ್ಷ ದೊಡ್ಡವಳು, ಮದುವೆಯಾದವಳು, ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯ ಸೊಸೆ. ಗಂಡ ಮೋಟಾರ್ ಪಂಪ್ ರಿಪೇರಿ ಮಾಡುತ್ತಿದ್ದ, ಹೆಚ್ಚು ಮಾತಾಡದ ಮನುಷ್ಯ. ಹೆಂಡತಿ ಓದಲಿ ಎಂದು ತಾನೇ ಬಂದು ರಾಯಚೂರಿನಲ್ಲಿ ರೂಮು ಹಿಡಿದುಕೊಟ್ಟಿದ್ದ. ಆ ರೂಮಿನ ಇನ್ನರ್ಧ ನನ್ನದು. ಸೋಮವಾರ ಮುಂಜಾನೆ ಅಕ್ಕ ಊರಿನಿಂದ ಬಂದರೆ ಅವಳ ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ದಾರ ಕಟ್ಟಿದ ಸಣ್ಣ ಸಣ್ಣ ಚೀಟಿಗಳ ಕಟ್ಟು ಇರುತ್ತಿದ್ದವು.

ಆ ಚೀಟಿಗಳು ಅವಳ ಪ್ರಾಜೆಕ್ಟು. ಕೃಷ್ಣಾ ದಂಡೆಯ ಅಂಬಿಗರ ಮಾತುಗಳನ್ನು ಆಕೆ ಕೂಡಿಸುತ್ತಿದ್ದಳು. ಹರಿಗೋಲಿನ ಒಂದೊಂದು ಭಾಗಕ್ಕೆ ಏನೇನು ಹೆಸರು, ನೀರು ಸುಳಿ ತಿರುಗುವುದಕ್ಕೆ ಏನನ್ನುತ್ತಾರೆ, ಹೊಳೆ ಇಳಿಯುವಾಗ ಏನನ್ನುತ್ತಾರೆ, ಒಂದು ಚೀಟಿಗೆ ಒಂದು ಮಾತು. ನಾವೆಲ್ಲ ಹಳೆಯ ಪ್ರಾಜೆಕ್ಟುಗಳನ್ನು ನಕಲು ಮಾಡುತ್ತಿದ್ದಾಗ ಅವಳೊಬ್ಬಳು ಮುದುಕರ ಮುಂದೆ ಕೂತು ಬರೆದುಕೊಂಡು ಬರುತ್ತಿದ್ದಳು. "ಇವು ಹಿರೀಕರ ಜೋಡಿ ಹೋಗಿಬಿಡ್ತಾವ ತಂಗಿ, ಹಿಡೀಬೇಕು" ಅನ್ನುತ್ತಿದ್ದಳು. ಕ್ಲಾಸಿನಲ್ಲಿ ಮೊದಲ ರ್‍ಯಾಂಕ್ ಅವಳದೇ ಎಂಬುದರಲ್ಲಿ ನಮಗ್ಯಾರಿಗೂ ಅನುಮಾನ ಇರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಅವಳಿಗೆ ಎಂಟು ತಿಂಗಳಾಗಿತ್ತು. ಊರಿಗೆ ಹೋದವಳು ಬರಲಿಲ್ಲ. ಹೊಟ್ಟೆಯಲ್ಲಿ ಕೂಸು ಆಡುವುದು ನಿಂತಿದೆ ಎಂದು ಆಸ್ಪತ್ರೆಗೆ ಕರೆದೊಯ್ದರಂತೆ. ಹೆಣ್ಣು ಕೂಸು, ಜೀವ ಇರಲಿಲ್ಲ. ಅವಳಿಗೆ ಪೂರ್ತಿ ಎಚ್ಚರ ಬರುವುದರೊಳಗೆ ಹಿರಿಯರು ಊರಿಗೆ ಒಯ್ದು ಮಣ್ಣು ಮಾಡಿ ಬಂದಿದ್ದರು. ಅಕ್ಕ ಮುಖ ನೋಡಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎಂದು ಅವರ ಲೆಕ್ಕ.

ಇಪ್ಪತ್ತು ದಿನಕ್ಕೆ ಅವಳು ರೂಮಿಗೆ ಬಂದಳು. ಬಂದ ಮೊದಲ ದಿನವೇ ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು, ಬಿಗಿಯಾಗಿ ಎದೆಗೆ ಕಟ್ಟು ಎಂದು ನನ್ನ ಕೈಗೆ ಕೊಟ್ಟಳು. ಕುಪ್ಪಸ ಒದ್ದೆಯಾಗಿತ್ತು. ನನಗೆ ಇಪ್ಪತ್ತೆರಡು ವಯಸ್ಸು, ಏನು ಎತ್ತ ಗೊತ್ತಾಗಲಿಲ್ಲ. "ಹಾಲಿಗೆ ಯಾರೂ ಹೇಳಿಲ್ಲ ತಂಗಿ, ಅದು ಬರಾಕತ್ತದ" ಅಂದಳು. ನಾನು ಕಟ್ಟಿದೆ. ಮರುದಿನ ಇಬ್ಬರೂ ವಿಭಾಗದ ಆಫೀಸಿಗೆ ಹೋದೆವು.

ಅವಳು ಕೇಳಿದ್ದು ದೊಡ್ಡದೇನಲ್ಲ. ಹಾಜರಾತಿ ಕಡಿಮೆಯಾದದ್ದನ್ನು ಮನ್ನಿಸಬೇಕು, ಪ್ರಾಜೆಕ್ಟು ಒಪ್ಪಿಸಲು ಒಂದು ತಿಂಗಳು ಕೊಡಬೇಕು. ವಿಶೇಷ ಸಂದರ್ಭಗಳಿಗೆ ಹಾಗೊಂದು ಅವಕಾಶ ನಿಯಮದಲ್ಲೇ ಇತ್ತು. ಗುಮಾಸ್ತ ಅರ್ಜಿ ತೆಗೆದುಕೊಂಡು, ಹಿಂದೆ ಸಾಲಿನಲ್ಲಿ ನಿಂತ ಹುಡುಗರಿಗೆಲ್ಲ ಕೇಳುವ ಹಾಗೆ ಓದತೊಡಗಿದ. "ನನ್ನ ಮಗಳು ಹೊಟ್ಟೆಯಲ್ಲಿಯೇ ತೀರಿಕೊಂಡಿದ್ದರಿಂದ..." ಅಲ್ಲಿಗೆ ನಿಲ್ಲಿಸಿದ.

"ಮಗಳು ಅಂತ ಬರೀಬ್ಯಾಡ್ರಿ. ಅನಾರೋಗ್ಯ ಅಂತ ಬರೀರಿ."

"ನನಗ ಅನಾರೋಗ್ಯ ಆಗಿಲ್ರಿ" ಅಂದಳು ಅಕ್ಕ.

"ಹಂಗಾರ ಹೆರಿಗಿ ಅನ್ರಿ. ಕೂಸಿನ ಜನನ ಪತ್ರ ಹಚ್ರಿ."

ಕೂಸು ಉಳಿಯಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಹಾಗಿದ್ದರೆ ಮರಣ ಪತ್ರ ತನ್ನಿ ಎಂದ. ಎರಡು ದಿನ ಬಿಸಿಲಿನಲ್ಲಿ ಆ ಕಚೇರಿ ಈ ಕಚೇರಿ ಅಲೆದೆವು. ಎದೆಗೆ ಬಟ್ಟೆ ಬಿಗಿದುಕೊಂಡು, ಮೇಲೆ ಶಾಲು ಹೊದ್ದು ಅವಳು ನಡೆಯುತ್ತಿದ್ದಳು. ಜನನ ಪತ್ರ ಇಲ್ಲದೆ ಮರಣ ಪತ್ರ ಬರೆಯಲು ಬರುವುದಿಲ್ಲ ಎಂದು ಅಲ್ಲಿಯವರು ಹಿಂದಕ್ಕೆ ಕಳಿಸಿದರು. ತಿರುಗಿ ಬಂದು ಗುಮಾಸ್ತನಿಗೆ ಹಾಗೇ ಹೇಳಿದೆವು. ಅವನು ನಕ್ಕ. "ಹುಟ್ಟೂ ಇಲ್ಲ, ಸಾವೂ ಇಲ್ಲ ಅಂದಮ್ಯಾಲೆ ಆಗಿದ್ದಾದ್ರೂ ಏನ್ರಿ?" ಅಂದ. ಸಾಲಿನಲ್ಲಿ ಯಾರೋ ನಕ್ಕರು. ಆ ನಗೆ ಇವತ್ತಿಗೂ ನನ್ನ ಕಿವಿಯಲ್ಲಿ ಹೊಲಸಿನ ಹಾಗೆ ಅಂಟಿಕೊಂಡಿದೆ.

ಈಗ ನನ್ನ ಮಾತು ಹೇಳಬೇಕು. ಹೇಳದೆ ಬಿಟ್ಟರೆ ಈ ಬರಹವೂ ಆ ಆಫೀಸಿನ ಕಡತದಂತೆಯೇ ಸುಳ್ಳಾಗುತ್ತದೆ.

ಅದೇ ವಾರ ನಾನೂ ಒಂದು ಅರ್ಜಿ ಹಾಕಿದ್ದೆ. ಹೈದರಾಬಾದಿನಲ್ಲಿ ಸೋದರಮಾವನ ಮಗಳ ಮದುವೆಗೆ ಹೋಗಿ ಹತ್ತು ದಿನ ಕಳೆದು ಬಂದಿದ್ದೆ, ಪ್ರಾಜೆಕ್ಟಿನ ಒಂದು ಅಕ್ಷರ ಬರೆದಿರಲಿಲ್ಲ. ಮಾನ್ವಿಯಲ್ಲಿ ನಮ್ಮ ಮನೆಗೆ ಬೇಕಾದ ಡಾಕ್ಟರು ಕಾಮಾಲೆ ಎಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಅದನ್ನು ಆಫೀಸಿನಲ್ಲಿ ಕೊಡುವಾಗ ನನ್ನ ಎರಡೂ ಕೈಗಳಲ್ಲಿ ಮೊಣಕೈವರೆಗೆ ಮೆಹೆಂದಿ ಕೆಂಪಗೆ ಕೂತಿತ್ತು. ಗುಮಾಸ್ತ ಸರ್ಟಿಫಿಕೇಟ್ ನೋಡಿದ, ನನ್ನ ಕೈ ನೋಡಿದ. ಹೆಸರು ನೋಡಿ, "ಮಾನ್ವಿ ಆಚಾರ್ ಮಾಸ್ತರ ಮಗಳಲ್ಲೇನು ನೀವು? ಮಾಸ್ತರು ಆರಾಮದಾರೇನ್ರಿ?" ಎಂದು ಕೇಳಿದ. ಠಸ್ಸೆ ಒತ್ತಿ, "ಮದುವಿ ಚಲೋ ಆತಲ್ಲ?" ಎಂದು ಕಣ್ಣಲ್ಲೇ ನಕ್ಕ. ನಾನೂ ನಕ್ಕೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಒಂದು ತಿಂಗಳು ಮಂಜೂರಾಯಿತು, ಸಂಜೆಯೊಳಗೆ. ಹೊರಗೆ ಬಂದು ನಾನು ದುಪಟ್ಟಾದೊಳಗೆ ಕೈ ಮುಚ್ಚಿಕೊಂಡೆ.

ಅಕ್ಕ ವಿಭಾಗದ ಮುಖ್ಯಸ್ಥರ ಹತ್ತಿರ ಹೋದಳು. ಅವರು ಕ್ಲಾಸಿನಲ್ಲಿ ಕರುಣೆಯ ಮೇಲೆ ಒಂದು ಗಂಟೆ ಮಾತಾಡಬಲ್ಲವರು, ನಮ್ಮ ಕಣ್ಣು ಒದ್ದೆ ಮಾಡಬಲ್ಲವರು. ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ನೋಡಮ್ಮಾ, ನಿನ್ನ ಸಂಕಟ ನನಗ ತಿಳೀತದ. ಆದ್ರ ನಾಳೆ ಎಲ್ಲಾರೂ ಬಂದು ಹಿಂಗ ಹೇಳಿದ್ರ ನಾ ಏನ್ ಮಾಡ್ಲಿ?" ಎಂದರು.

"ಎಲ್ಲಾರ ಕೂಸೂ ಸಾಯ್ತಾವೇನ್ರಿ ಸರ್?" ಅಂದಳು ಅಕ್ಕ. ದನಿ ಏರಿಸಲಿಲ್ಲ.

ಅವರ ಮುಖ ಗಂಟಿಕ್ಕಿತು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿ ಇದ್ದರೆ ಹಚ್ಚು, ಮೂಲ ಪ್ರತಿಯನ್ನೇ ಹಚ್ಚಬೇಕು, ಝೆರಾಕ್ಸ್ ನಡೆಯುವುದಿಲ್ಲ, ಇವತ್ತು ಐದು ಗಂಟೆಗೆ ಕೊನೆ ಎಂದರು.

ಆ ಚೀಟಿ ಅವಳ ಹತ್ತಿರ ಇತ್ತು. ನಿಘಂಟಿನ ನಡುವೆ ಇಟ್ಟುಕೊಂಡಿದ್ದಳು. ಡಾಕ್ಟರರ ಗೀಚು ಅಕ್ಷರ, ಕೆಳಗೆ ಒಂದು ಸಾಲು. ಹೆಣ್ಣು, ಎರಡು ಕಿಲೋ ನೂರು ಗ್ರಾಂ. ರೂಮಿಗೆ ಹೋಗಿ ತಂದೆವು. ಗೇಟಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಹೋಗಿತ್ತು. ಅಕ್ಕ ಅಲ್ಲೇ ನಿಂತಳು. "ಒಂದು ಕಾಪಿ ತೆಕ್ಕೊಂಡು ಕೊಡೋಣ ತಂಗಿ, ಕರೆಂಟ್ ಬರ್ತದ" ಅಂದಳು. ಐದಾಗಲು ಇಪ್ಪತ್ತು ನಿಮಿಷ ಇತ್ತು. ನನಗೆ ಬಿಸಿಲು, ಹಸಿವು, ಬೇಸರ. "ಇರ್ಲಿ ಬಿಡಕ್ಕ. ಆಮ್ಯಾಲೆ ಇಸ್ಕೊಳ್ಳೋಣಂತ" ಎಂದು ನಾನೇ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ಗುಮಾಸ್ತ ಚೀಟಿಯನ್ನು ಅರ್ಜಿಯ ಹಿಂದೆ ಇಟ್ಟು ಸ್ಟೇಪ್ಲರ್ ಒತ್ತಿದ. ಪಿನ್ನು ಆ ಕೆಳಗಿನ ಸಾಲಿನ ಮೇಲೆಯೇ ಬಿತ್ತು. ಅಕ್ಕನ ಕೈ ಸ್ವಲ್ಪ ಮುಂದೆ ಹೋಯಿತು, ಹಿಂದೆ ಬಂತು...

ಎಂಟು ದಿನಕ್ಕೆ ಉತ್ತರ ಬಂತು. ಅರ್ಜಿ ತಿರಸ್ಕೃತ. ಕಾರಣ, ದಾಖಲೆ ಅಪೂರ್ಣ. ಪರೀಕ್ಷೆಗೆ ಕೂರುವ ಹಾಗಿಲ್ಲ, ಮುಂದಿನ ವರ್ಷ ಮತ್ತೆ ಸೇರಬೇಕು.

ನಾನಂದುಕೊಂಡಿದ್ದೆ, ಅಳುತ್ತಾಳೆ, ಜಗಳ ಮಾಡುತ್ತಾಳೆ. ಅವಳು ಪಾತ್ರೆ ತೊಳೆದು ಚೀಲಕ್ಕೆ ಹಾಕಿಕೊಂಡಳು. ಸಂಜೆ ಗಂಡ ಬಂದ. ಮತ್ತೆ ಸೇರುತ್ತೀಯಲ್ಲ ಅಕ್ಕ, ಎಂದೆ. "ಮತ್ತ ಆ ಮಂದಿ ಮುಂದ ಹೋಗಿ ನಿಲ್ಲಂಗಿಲ್ಲ ತಂಗಿ. ಹೇಸಿಕಿ ಬರ್ತದ" ಅಂದಳು. ನನ್ನ ಕಡೆ ನೋಡಿ ಹೇಳಿದಳೋ, ಗೋಡೆ ಕಡೆ ನೋಡಿ ಹೇಳಿದಳೋ, ಈಗ ಸರಿಯಾಗಿ ನೆನಪಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬಂದೆ. ಆ ವರ್ಷ ಮೊದಲ ರ್‍ಯಾಂಕ್ ನನಗೆ ಬಂತು. ಅಪ್ಪ ಮಾನ್ವಿಯಲ್ಲಿ ಓಣಿಗೆಲ್ಲ ಪೇಢೆ ಹಂಚಿದರು.

ನೌಕರಿ ಸಿಕ್ಕಿದ್ದು ದೇವದುರ್ಗದಲ್ಲಿ. ಗೂಗಲ್ಲಿಗೆ ಇಲ್ಲಿಂದ ದಿನಾ ಬಸ್ಸಿದೆ. ನಾನು ಹೋಗಲಿಲ್ಲ. ವರ್ಷಗಳು ಹಾಗೇ ಕಳೆದವು. ಹೋದ ವರ್ಷ ಕಾಲೇಜಿನ ಎನ್‌.ಎಸ್‌.ಎಸ್. ಶಿಬಿರ ಆ ಊರಿನಲ್ಲೇ ಬಿತ್ತು, ತಪ್ಪಿಸಿಕೊಳ್ಳಲಾಗಲಿಲ್ಲ. ಅಲ್ಲಮಪ್ರಭು ಗುಡಿಯ ಹತ್ತಿರ ವಿದ್ಯಾರ್ಥಿಗಳು ಕಸ ಗುಡಿಸುತ್ತಿದ್ದಾಗ ಅಕ್ಕ ತಾನೇ ಬಂದು ಎದುರಿಗೆ ನಿಂತಳು. ತಲೆ ಅರ್ಧ ಬೆಳ್ಳಗಾಗಿತ್ತು. ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮುಂದೆ ಮಕ್ಕಳಾಗಲಿಲ್ಲವಂತೆ. ಮನೆಗೆ ಕರೆದೊಯ್ದು ಚಹಾ ಮಾಡಿಕೊಟ್ಟಳು. ಚೀಟಿಗಳ ವಿಷಯ ಕೇಳಿದೆ. ಗೆದ್ದಲು ಹತ್ತಿತ್ತು, ಒಲೆಗೆ ಹಾಕಿದೆ, ಅಂದಳು.

ಲೋಟ ಕೆಳಗಿಟ್ಟು ನಾನು ಆ ಕಾಮಾಲೆ ಸರ್ಟಿಫಿಕೇಟಿನ ಮಾತು ತೆಗೆದೆ. ಅವಳು ಪೂರ್ತಿ ಕೇಳಲೂ ಇಲ್ಲ.

"ನನಗೇನ್ ಕಣ್ಣಿರಲಿಲ್ಲೇನು ತಂಗಿ? ಮೊಣಕೈತನಕ ಇತ್ತು ನಿನ್ನ ಮೆಹೆಂದಿ" ಅಂದಳು. ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಒಳ್ಳೆಯದಿತ್ತು. ನನ್ನ ಲೋಟ ಎತ್ತಿಟ್ಟು ಕೇಳಿದಳು, "ಆ ಚೀಟಿ ಅಲ್ಲೇ ಇರಬೇಕಲ್ಲ? ನೀ ಈಗ ಲೆಕ್ಚರರ್ ಅದಿ, ಕೇಳಿದ್ರ ಕೊಡ್ತಾರೇನು? ಮನ್ಯಾಗ ಆಕಿದು ಏನಂದ್ರ ಏನೂ ಇಲ್ಲ. ಹೆಸರಿಟ್ಟಿಲ್ಲ, ಫೋಟೋ ಇಲ್ಲ. ಅದೊಂದರಾಗ ಬರದಿತ್ತು, ಹೆಣ್ಣು ಅಂತ."

ತಂದುಕೊಡುತ್ತೇನೆ ಎಂದೆ. ಎಷ್ಟು ಸುಲಭವಾಗಿ ಹೇಳಿದೆ.

ಮುಂದಿನ ವಾರವೇ ರಾಯಚೂರಿಗೆ ಹೋದೆ. ಹಳೆಯ ಗುಮಾಸ್ತ ನಿವೃತ್ತನಾಗಿದ್ದ. ಹೊಸಬಳು ಒಳ್ಳೆಯ ಹುಡುಗಿ, ರಿಜಿಸ್ಟರ್ ಹುಡುಕಿ ತೆಗೆದಳು. ಒಂದೇ ಪುಟದಲ್ಲಿ ಇಬ್ಬರ ನಂಬರೂ ಇದ್ದವು. ನನ್ನದರ ಮುಂದೆ ಮಂಜೂರು, ಅವಳದರ ಮುಂದೆ ದಾಖಲೆ ಅಪೂರ್ಣ. ಅರ್ಜಿಗಳು ಎಲ್ಲಿ ಎಂದು ಕೇಳಿದೆ. ಕಟ್ಟಡಕ್ಕೆ ಸುಣ್ಣ ಹೊಡೆಸುವಾಗ ಆ ವರ್ಷಗಳ ಕಾಗದವನ್ನೆಲ್ಲ ರದ್ದಿಗೆ ಹಾಕಿದೆವು ಮೇಡಂ, ಅಂದಳು. ಆದರೂ ನಾನು ಹಿಂದಿನ ಕೋಣೆಗೆ ಹೋಗಿ ನೋಡಿದೆ. ಮುರಿದ ಬೆಂಚುಗಳು, ಬಣ್ಣದ ಡಬ್ಬಿ, ಇಲಿ ಹಿಕ್ಕೆ. ಅಪೂರ್ಣ ಎಂದು ಬೆರಳು ತೋರಿಸಿ ತಿರಸ್ಕರಿಸಿದ ಕಾಗದವನ್ನು ಇವರು ಹಿಂದಿರುಗಿಸಲೂ ಇಲ್ಲ, ಇಟ್ಟುಕೊಳ್ಳಲೂ ಇಲ್ಲ. ಶೇಂಗಾ ಕಟ್ಟಲು ಕೊಟ್ಟರು. ಕೈ ತೋರಿಸಿ ಬೈಯಬೇಕೆಂದರೆ ಅಲ್ಲಿ ಯಾರೂ ಇರಲಿಲ್ಲ. ಇದ್ದವಳು ನಾನೊಬ್ಬಳು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ಸಿಗಲಿಲ್ಲ ಅಕ್ಕ, ಎಂದೆ. ಆ ಕಡೆ ಅಂಗನವಾಡಿಯ ಮಕ್ಕಳ ಗದ್ದಲ ಕೇಳುತ್ತಿತ್ತು.

"ಇರ್ಲಿ ಬಿಡು" ಅಂದಳು ಕೊನೆಗೆ. ಅಂದು ಝೆರಾಕ್ಸ್ ಅಂಗಡಿಯ ಮುಂದೆ ನಾನು ಅವಳಿಗೆ ಹೇಳಿದ ಮಾತು ಅದೇ ಎಂದು ಅವಳಿಗೆ ನೆನಪಿತ್ತೋ ಇಲ್ಲವೋ. "ತೂಕ ನನಗ ನೆನಪದ. ಊಟ ಮಾಡಿದೇನು ನೀ?"

ಇಲ್ಲ ಎಂದೆ. ಮಾಡು ಹೋಗು, ಎಂದು ಫೋನ್ ಇಟ್ಟಳು.

ಆಮೇಲೆ ಎರಡು ಸಲ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಗಂಡ ಎತ್ತಿ, ಆಕಿ ಹೊರಗ ಹೋಗ್ಯಾಳ್ರಿ, ಅಂದ. ಹಿಂದೆ ಅವಳು ಯಾರಿಗೋ ಏನೋ ಹೇಳುತ್ತಿರುವ ದನಿ ನನಗೆ ಕೇಳಿಸಿತು. ಆಯ್ತು ಎಂದೆ. ಅವಳ ನಂಬರು ಇನ್ನೂ ಫೋನಿನಲ್ಲಿದೆ. ಗೂಗಲ್ಲಿನ ಬಸ್ಸು ದಿನಾ ಬೆಳಿಗ್ಗೆ ನಮ್ಮ ಕಾಲೇಜಿನ ಮುಂದೆಯೇ ಹೋಗುತ್ತದೆ. ನಾನು ಹತ್ತುವುದಿಲ್ಲ. ಹೋಗಿ ಅವಳೆದುರು ನಿಂತರೆ, ಬರಬೇಡ ಎನ್ನುವವಳಲ್ಲ ಅಕ್ಕ. ಚಹಾ ಮಾಡಿಕೊಡುತ್ತಾಳೆ.