ಗ್ರಹಣದ ಮಧ್ಯಾಹ್ನ ಕೆಂಪಿ ಕಾಣೆಯಾದದ್ದು

ನಾನಿನ್ನೂ ಚಿಕ್ಕವನಿದ್ದಾಗ ನಮ್ಮ ದೊಮ್ಮಲೂರು ಹಳ್ಳಿಯಾಗಿತ್ತು ಎಂದರೆ ಮಕ್ಕಳೇ, ನೀವು ಮೂವರೂ ಮುಖ ಮುಖ ನೋಡಿಕೊಂಡು ನಗುತ್ತೀರಿ. ನಗಿ, ಪರವಾಗಿಲ್ಲ. ಈಗ ಫ್ಲೈಓವರ್ ಇಳಿಯುವ ಕಡೆ ನಮ್ಮ ರಾಗಿ ಹೊಲವಿತ್ತು. ಹೊಲದ ಅಂಚಿನಲ್ಲಿ ಕಲ್ಲು ಮೆಟ್ಟಿಲಿನ ಬಾವಿಯಿತ್ತು. ಮನೆಯಲ್ಲಿ ಕೆಂಪಿ ಎಂಬ ನಾಯಿಯಿತ್ತು. ಕೆಂಪಿ ಎಂದರೆ ಅಕ್ಕನಿಗೆ ಪ್ರಾಣ, ಅಕ್ಕ ಎಂದರೆ ಕೆಂಪಿಗೆ ಪ್ರಾಣ. ನನ್ನನ್ನು ಕಂಡರೆ ಒಂದು ಸಲ ಬಾಲ ಅಲ್ಲಾಡಿಸಿ ಮರ್ಯಾದೆ ತೋರಿಸುತ್ತಿತ್ತು, ಅಷ್ಟೇ.

ಆ ವರ್ಷ ಶಿವರಾತ್ರಿ ಮುಗಿಯುತ್ತಿದ್ದ ಹಾಗೇ ಸೂರ್ಯಗ್ರಹಣ ಬಂತು. ಹಾಡಹಗಲೇ ಕತ್ತಲಾಗುತ್ತದೆ ಎಂದು ಊರೆಲ್ಲ ಗುಲ್ಲಾಗಿತ್ತು. ಕೆಂಪಿಯ ಹೊಟ್ಟೆ ಆಗ ನೆಲ ಮುಟ್ಟುವಷ್ಟು ತುಂಬಿ, ಇವತ್ತೋ ನಾಳೆಯೋ ಮರಿ ಹಾಕುವ ಹಾಗಿತ್ತು. ಬಸುರಿಯ ಮೇಲೆ ಗ್ರಹಣದ ನೆರಳು ಬಿದ್ದರೆ ಹುಟ್ಟುವ ಮಗುವಿಗೆ ಊನವಾಗುತ್ತದೆ ಎಂದು ಅಜ್ಜಿ ನಂಬಿದ್ದಳು. ಹೆಂಗಸಾದರೇನು, ನಾಯಿಯಾದರೇನು, ಬಸುರಿ ಬಸುರಿಯೇ ಎಂದು ಅವಳ ವಾದ. ಅವಳ ಮಾತಿಗೆ ಅಪ್ಪ ಕೆಂಪಿಯನ್ನು ತಗಡಿನ ಮಾಡಿನ ಕೊಟ್ಟಿಗೆಗೆ ಕರೆದೊಯ್ದು, ಕುತ್ತಿಗೆಗೆ ದನದ ಸರಪಳಿ ಹಾಕಿ ಗೂಟಕ್ಕೆ ಕಟ್ಟಿದ. ಯಾವತ್ತೂ ಕಟ್ಟಿಸಿಕೊಳ್ಳದ ನಾಯಿ ಅದು. ಅಕ್ಕ ಅದರ ತಲೆ ಸವರಿ, ಸಂಜೆಗೆ ಬಿಡುತ್ತೇನೆ ಎಂದು ಹೇಳಿ ಬಂದಳು.

ಊಟ ಬೇಗ ಮುಗಿಸಿ ಅಜ್ಜಿ ಮನೆಯಲ್ಲಿದ್ದ ನೀರನ್ನೆಲ್ಲ ಚೆಲ್ಲಿಸಿದಳು. ಗ್ರಹಣ ತಾಕಿದ ನೀರು ವಿಷವಾಗುತ್ತದಂತೆ. ಹಂಡೆ, ಕೊಡ, ಬಿಂದಿಗೆ ಎಲ್ಲ ಬೋರಲು ಬಿದ್ದವು, ಕೊಟ್ಟಿಗೆಯ ಕಲ್ಲುಬಾನಿಯೂ ಖಾಲಿಯಾಯಿತು. ಅಮ್ಮ ತವರಿಗೆ ಹೋಗಿದ್ದಳು. ಉಳಿದ ನಾವು, ಅಂದರೆ ಅಪ್ಪ, ಅಜ್ಜಿ, ಅಕ್ಕ ಮತ್ತು ನಾನು, ಕಿಟಕಿಗಳಿಗೆ ಗೋಣಿಚೀಲ ಬಿಗಿದು, ಬಾಗಿಲಿಗೆ ಅಗಣಿ ಹಾಕಿ ನಡುಮನೆಯಲ್ಲಿ ಕೂತೆವು. ಗೋಣಿಯ ವಾಸನೆಗೂ ಸೆಕೆಗೂ ನನಗೆ ತಲೆ ಸುತ್ತುತ್ತಿತ್ತು. ಕುಡಿಯಲು ಹನಿ ನೀರಿರಲಿಲ್ಲ.

ಮೊದಲು ಗುಬ್ಬಿಗಳ ಸದ್ದು ನಿಂತಿತು. ಆಮೇಲೆ ಕಾಗೆಗಳು ಗುಂಪಾಗಿ ಕೂಗುತ್ತ ಹುಣಸೆಮರಕ್ಕೆ ವಾಪಸು ಬಂದವು, ಅವೂ ಸುಮ್ಮನಾದವು. ಗೋಣಿಯ ಸಂದಿಯಿಂದ ಬರುತ್ತಿದ್ದ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ದೂರದಲ್ಲಿ ಯಾವುದೋ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿ ಅರ್ಧಕ್ಕೇ ನಿಲ್ಲಿಸಿತು. ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತ ಹಾಗಿತ್ತು.

ಆಗ ಹೊರಗೆ ಸರ್‍ರ್ ಎಂದು ಏನೋ ಎಳೆದ ಸದ್ದಾಯಿತು. ಹಿಂದೆಯೇ ಠಕ್ ಎಂದು ಕಲ್ಲಿಗೆ ಬಡಿದ ಸದ್ದು. ಅದು ಹಿತ್ತಲಿನಿಂದ ಹೊರಟು, ಗೋಡೆಯ ಪಕ್ಕದಲ್ಲೇ ನಿಧಾನವಾಗಿ ಸುತ್ತಿಕೊಂಡು ಮುಂಬಾಗಿಲಿಗೆ ಬಂತು. ಬಾಗಿಲನ್ನು ಯಾರೋ ಉಗುರಿನಿಂದ ಕೆರೆದರು. ನಾನು ಅಪ್ಪನ ಪಂಚೆ ಹಿಡಿದುಕೊಂಡೆ.

“ಕೆಂಪಿ ಕಣಜ್ಜಿ, ಗೂಟ ಕಿತ್ಕೊಂಡ್ ಬಂದೈತೆ” ಎಂದು ಅಕ್ಕ ಎದ್ದಳು.

“ಕೆಂಪಿ ಆಗಿದ್ರೆ ಬೊಗಳ್ತಿರ್ಲಿಲ್ವೇನೇ? ಬಾಯಿಲ್ದಂಗೆ ಕೆರೀತಿರೋದು ಯಾವುದೋ ಏನೋ. ಅಗಣಿ ಮುಟ್ಬೇಡ” ಎಂದಳು ಅಜ್ಜಿ.

ಕೆರೆತ ಸ್ವಲ್ಪ ಹೊತ್ತು ನಡೆದು ನಿಂತಿತು. ಸರ್‍ರ್, ಠಕ್, ಸರ್‍ರ್ ಎನ್ನುತ್ತ ಸದ್ದು ದೂರವಾಯಿತು. ಅದು ಹೋಯಿತಲ್ಲ ಎಂದು ನನಗೆ ಸಮಾಧಾನವಾಯಿತು. ಅಕ್ಕನಿಗೆ ತಡೆಯಲಾಗಲಿಲ್ಲ. ಅವಳು ಅಗಣಿ ತೆಗೆದು ಓಡಿಯೇಬಿಟ್ಟಳು. ಅಪ್ಪ ಒಂದು ಗಳಿಗೆ ಅಜ್ಜಿಯ ಮುಖ ನೋಡಿ ಅಕ್ಕನ ಹಿಂದೆ ಓಡಿದ. ಅಪ್ಪನಿಲ್ಲದೆ ಕೂರಲು ಭಯವಾಗಿ ನಾನೂ ಓಡಿದೆ.

ಹೊರಗೆ ನಮ್ಮ ಊರೇ ಇರಲಿಲ್ಲ. ಅತ್ತ ಹಗಲೂ ಅಲ್ಲ, ಇತ್ತ ರಾತ್ರಿಯೂ ಅಲ್ಲದ ಬೆಳಕು. ತಣ್ಣನೆ ಗಾಳಿ. ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು, ಬಸ್ಸು ಓಡಾಡುವ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಂಗೆಮರದ ಕೆಳಗೆ ಕತ್ತರಿಸಿದ ಉಗುರಿನಂಥ ಬೆಳಕಿನ ಚೂರುಗಳು ನೆಲದ ತುಂಬ ಬಿದ್ದು ಅಲುಗುತ್ತಿದ್ದವು. ಅವನ್ನು ತುಳಿಯಲು ನನಗೆ ಧೈರ್ಯ ಸಾಲದೆ ಸುತ್ತುಹಾಕಿ ಹೋದೆ. ಧೂಳಿನಲ್ಲಿ ಸರಪಳಿ ಎಳೆದ ಗೆರೆ ನೆಟ್ಟಗೆ ಬಾವಿಯ ಕಡೆ ಹೋಗಿತ್ತು.

ಬಾವಿಯೊಳಗಿಂದ ಯಾರೋ ಮುದುಕರು ಉಬ್ಬಸಪಡುವಂಥ ಸದ್ದು ಬರುತ್ತಿತ್ತು. ಅಪ್ಪ ದಡದಲ್ಲೇ ನಿಂತುಬಿಟ್ಟ. ಗ್ರಹಣದ ಹೊತ್ತಿನಲ್ಲಿ ಬಾವಿಗೆ ಇಣುಕಬಾರದು ಎಂದು ಅವನೇ ನಮಗೆ ಹೇಳಿದ್ದ. ಇಣುಕಿದ್ದು ಅಕ್ಕ.

“ಅಪ್ಪಾ, ಕೆಂಪೀನೇ. ಕುತ್ಗೆ ಬಿಗ್ದ್ಬಿಟ್ಟೈತೆ.”

ನೀರು ಕುಡಿಯಲು ಇಳಿದ ಕೆಂಪಿಯ ಹಿಂದೆ ಎಳೆದುಕೊಂಡು ಬಂದಿದ್ದ ಗೂಟ, ಮೇಲಿನ ಮೆಟ್ಟಿಲ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನೀರಿಗೆ ಇನ್ನೊಂದು ಗೇಣು ಇರುವಾಗ ಸರಪಳಿ ಮುಗಿದಿತ್ತು. ಭಾರದ ಹೊಟ್ಟೆ ಹೊತ್ತು ತಿರುಗಲಾರದೆ, ಬೊಗಳಲೂ ಆಗದೆ ಒಣಗಿದ ನಾಲಗೆ ಹೊರಚಾಚಿ, ಅದು ತುದಿಗಾಲಲ್ಲಿ ನಿಂತಿತ್ತು. ಜಾರಿದರೆ ಸರಪಳಿಯೇ ಉರುಳಾಗುತ್ತಿತ್ತು.

“ಅಲ್ಲಾಡ್ಬೇಡ ಮಗಳೇ” ಎಂದು ಕೆಂಪಿಗೆ ಹೇಳುತ್ತ ಅಪ್ಪ ಇಳಿದ. ಒಂದು ಕೈಯಲ್ಲಿ ಅದರ ಹೊಟ್ಟೆ ಆನಿಸಿ ಹಿಡಿದು ಸರಪಳಿ ಬಿಚ್ಚಿದ. ಬೊಗಸೆಯಲ್ಲಿ ಆ ಕಪ್ಪು ನೀರು ತುಂಬಿ ಹಿಡಿದ. ಕೆಂಪಿ ಕುಡಿಯಿತು, ಮತ್ತೆ ಕುಡಿಯಿತು. ಕೊನೆಗೆ ಅಪ್ಪ ಅದೇ ಬೊಗಸೆಯಲ್ಲಿ ತಾನೂ ಕುಡಿದ.

ಗ್ರಹಣ ಬಿಟ್ಟ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ಅಜ್ಜಿಯ ಹಳೇ ಸೀರೆಯ ಮೇಲೆ ಕೆಂಪಿ ಮರಿ ಹಾಕಿತು. ಅಜ್ಜಿಯೇ ಅದರ ಕುತ್ತಿಗೆಯ ಗಾಯಕ್ಕೆ ಅರಿಸಿನ ಮೆತ್ತಿದಳು, ಒಂದೊಂದೇ ಮರಿಯನ್ನು ಎತ್ತಿ ಕೈಕಾಲು ನೋಡಿದಳು. ಯಾವುದಕ್ಕೂ ಊನವಿರಲಿಲ್ಲ. ಆದರೆ ಒಂದು ಮರಿ ಅಲುಗಲಿಲ್ಲ.

“ಗ್ರಹಣ ಹೊಡೀತು” ಎಂದಳು ಅಜ್ಜಿ.

“ಗ್ರಹಣ ಅಲ್ಲಜ್ಜಿ. ನೀರು ಕೊಡಿ ಅಂತ ಅದು ಬಾಗ್ಲಿಗೆ ಬಂದಿತ್ತು” ಎಂದಳು ಅಕ್ಕ. ಅಜ್ಜಿ ಆ ಮರಿಯನ್ನು ಮಡಿಲಿನಿಂದ ಕೆಳಗಿಳಿಸಲೇ ಇಲ್ಲ.

ನಿಮ್ಮ ನಾಯಿ ಟಫಿಯ ಭಾಗ್ಯವೇ ಬೇರೆ. ಹೊತ್ತುಹೊತ್ತಿಗೆ ಲಸಿಕೆ, ಉಣ್ಣಿ ಹತ್ತದಂತೆ ಔಷಧಿ, ಕೆಮ್ಮಿದರೆ ಡಾಕ್ಟರು, ಹುಟ್ಟುಹಬ್ಬಕ್ಕೆ ಕೇಕು. ನೋಡಿ ನನಗೆ ಖುಷಿಯಾಗುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಆದರೆ ಕಳೆದ ಭಾನುವಾರ ನಾನು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದಾಗ, ಎಸಿ ತಂಪು ಹೋಗಬಾರದೆಂದು ನೀವು ಬಾಲ್ಕನಿಯ ಗಾಜಿನ ಬಾಗಿಲು ಎಳೆದಿದ್ದಿರಿ. ಮೂವರ ಕಿವಿಯಲ್ಲೂ ಹೆಡ್‌ಫೋನ್. ಹೊರಗೆ ಉರಿಬಿಸಿಲಿನಲ್ಲಿ ಟಫಿ ಗಾಜಿಗೆ ಮೂತಿ ಆನಿಸಿ ನಿಮ್ಮನ್ನೇ ನೋಡುತ್ತ ನಿಂತಿತ್ತು. ಅದರ ಬಟ್ಟಲು ಒಣಗಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ, ಒಂದು ಸದ್ದನ್ನೂ ಮಾಡುತ್ತಿರಲಿಲ್ಲ.

ಬಾಗಿಲು ತೆಗೆದು ನೀರಿಟ್ಟೆ. ಆಗ ಬೈಯಲಿಲ್ಲ, ಈಗಲೂ ಬೈಯುತ್ತಿಲ್ಲ. ನೀವು ಒಳ್ಳೆಯ ಮಕ್ಕಳು. ನಮ್ಮಜ್ಜಿಯೂ ಒಳ್ಳೆಯವಳೇ ಆಗಿದ್ದಳು.