ಕೂಗು ಅಳೆಯುವ ಎವಾನೋರ

ಆಗಿನ ಸ್ಪಾರ್ಟಾದಲ್ಲಿ ಹಿರಿಯರ ಸಭೆಯವರೊಬ್ಬರು ತೀರಿಕೊಂಡರೆ ಎವಾನೋರನಿಗೆ ಹೇಳಿಕಳಿಸುತ್ತಿದ್ದರು. ಆ ಜಾಗಕ್ಕೆ ನಿಂತವರು ಒಬ್ಬೊಬ್ಬರಾಗಿ ಬಯಲಿನಲ್ಲಿ ತುಟಿ ಬಿಚ್ಚದೆ ನಡೆದುಹೋಗಬೇಕು, ಜನ ತಮಗೆ ಬೇಕಾದವನಿಗೆ ಕೂಗು ಹಾಕಬೇಕು, ಪಕ್ಕದ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತ ಎವಾನೋರನಂಥವರು ನಡೆದವನ ಮುಖ ಕಾಣದೆ ಯಾವ ಕೂಗು ದೊಡ್ಡದೆಂದು ತೀರ್ಮಾನಿಸಬೇಕು. ಅದಕ್ಕಾಗಿ ಅವನು ತನ್ನ ಕಿವಿಗಳನ್ನು ಹಸುಗೂಸಿನಂತೆ ಸಾಕಿದ್ದ. ಚಳಿಗೆ ಉಣ್ಣೆ ಸುತ್ತುತ್ತಿದ್ದ, ಕಮ್ಮಾರರ ಬೀದಿ ಬಿಟ್ಟು ಸುತ್ತಿಬಳಸಿ ಹೋಗುತ್ತಿದ್ದ. ಊಟದ ಪಂಕ್ತಿಯಲ್ಲಿ ಕರಿಸಾರು ಹೀರುವವರನ್ನೂ ಬಿಡುತ್ತಿರಲಿಲ್ಲ: "ಮೆಲ್ಲಗೆ ಕುಡಿಯೋ ಮಾರಾಯ, ಹಿಂಗೆ ಸೊರಸೊರ ಅಂದ್ರೆ ನಿನ್ನನ್ನೇ ಹಿರಿಯನಾಗಿ ಆರಿಸಿಬಿಡ್ತೀನಿ." "ಆರಿಸಣ್ಣ, ಮೊದಲು ಆ ರೊಟ್ಟಿ ಈ ಕಡೆ ತಳ್ಳು," ಎನ್ನುತ್ತಿದ್ದ ಟೆಲೆಸ್ಟಾಸ, ಹರೆಯದಿಂದಲೂ ಅವನ ಮಗ್ಗುಲಲ್ಲೇ ಕೂತು ಉಂಡ ಗೆಳೆಯ. ಎವಾನೋರನಿಗೆ ಒಂದು ಕೂಗು ಬೆಟ್ಟದ ಗುಡುಗು, ಇನ್ನೊಂದು ಬೇಳೆ ಕುದಿಯುವ ಮಡಕೆ. ಹೊಟ್ಟೆಯಿಂದ ಬಂದದ್ದು ಯಾವುದು, ಬರೀ ಗಂಟಲಿನದು ಯಾವುದು ಎಂದು ಬೇರ್ಪಡಿಸುತ್ತಿದ್ದ. ಈಗಿನವರಿಗೆ ಅಂಥ ಕಿವಿ ಎಲ್ಲಿಂದ ಬರಬೇಕು? ಅವನು ಕೊನೆಯದಾಗಿ ಕೂತ ಸಲ ಹಿರಿಯರ ಜಾಗಕ್ಕೆ ಟೆಲೆಸ್ಟಾಸನೂ ನಿಂತಿದ್ದ. ಆ ವಯಸ್ಸಿಗೆ ಮತ್ತೊಂದು ಅವಕಾಶ ಸಿಗುವಂತಿರಲಿಲ್ಲ. ಎರಡು ಗುಡುಗುಗಳಾದ ಮೇಲೆ ಒಂದು ತೆಳ್ಳನೆಯ ಕೂಗು ಎದ್ದಿತು. ಅದರಲ್ಲಿ ಎವಾನೋರನಿಗೆ ತನ್ನ ಪಂಕ್ತಿಯವರ ಒಂದೊಂದು ಗಂಟಲೂ ಗುರುತು ಸಿಕ್ಕಿತು. ಬೇರೆ ಯಾರೂ ಕೂಗಲಿಲ್ಲ. ಆ ಪಂಕ್ತಿಯಲ್ಲೂ ಒಂದು ದನಿ ಕಡಿಮೆಯಿತ್ತು, ಅದು ಬಾಗಿಲು ಮುಚ್ಚಿದ ಈ ಮನೆಯೊಳಗೆ ಕೂತಿತ್ತು. "ಹೇಳಣ್ಣ, ಹೆಂಗಿದೆ ಇದು?" ಎಂದರು ಜೊತೆಯವರು. "ಸಣ್ಣದು," ಎಂದ ಎವಾನೋರ, ಆಮೇಲೆ ಕೂಗಲೆಂದು ತಾನಾಗಿಯೇ ತೆರೆದುಕೊಳ್ಳುತ್ತಿದ್ದ ಬಾಯನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡ.